1962ರ ಇಟಲಿ ಚಿತ್ರ ತೋರಿಸಲು ಹಕ್ಕು ಬೇಕೇ?

ಹೇಮಾವತಿ ತೀರ: ಹಾಸನದಲ್ಲಿ ನಮ್ಮ ಚಿತ್ರಸಮಾಜದಿಂದ 1962ರ ಇಟಲಿ ಚಿತ್ರ, 1967ರ ಜಪಾನಿ ಚಿತ್ರ ಎರಡನ್ನೂ ಸಾರ್ವಜನಿಕವಾಗಿ ತೋರಿಸಬೇಕೆಂದಿದ್ದೇವೆ. ಡಿಸ್ಕ್ ಮೇಲೆ 2015 ಎಂದಿದೆ. ಯಾವ ವರ್ಷ ಲೆಕ್ಕ?

ಮಲ್ನಾಡ್ ರೀಲು: ಡಿಸ್ಕಿನ ವರ್ಷ ಬಿಡಿ ಸಾರ್, ಅದು ಆ ಮುದ್ರಣದ್ದು. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 26ನೇ ಕಲಂ ಪ್ರಕಾರ ಚಿತ್ರ ಪ್ರಕಟವಾದ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷ ಹಕ್ಕು ಇರುತ್ತದೆ. ಪ್ರಕಟಣೆ ಅಂದರೆ ಎಲ್ಲೇ ಆಗಲಿ ಮೊದಲು ಜನರಿಗೆ ಸಿಕ್ಕ ದಿನ. ಭಾರತದ ಬಿಡುಗಡೆ ಅಲ್ಲ. ಹಾಗಾಗಿ 1962ರದ್ದು 2022ರ ಡಿಸೆಂಬರ್ 31ಕ್ಕೆ ಮುಗಿಯಿತು. 1967ರದ್ದು 2027ರ ಕೊನೆಯವರೆಗೆ ಇದೆ, ಅದಕ್ಕೆ ಅನುಮತಿ ಬೇಕೇ ಬೇಕು. ಮೂಲ ದೇಶದಲ್ಲಿ ಅವಧಿ ನಮ್ಮದಕ್ಕಿಂತ ಕಡಿಮೆಯಿದ್ದರೆ ಇಲ್ಲಿಯೂ ಅಷ್ಟೇ. ಹೆಚ್ಚಿದ್ದರೆ ನಮ್ಮ 60ಕ್ಕೇ ನಿಲ್ಲುತ್ತದೆ.

ಕಾಫಿ ಸೀಮೆ: ಎಲ್ಲರೂ ಎಡವುವುದು ಇಲ್ಲೇ: ಚಿತ್ರದ ಹಕ್ಕು ಮುಗಿದರೂ ಒಳಗಿನ ಸಂಗೀತ, ಕಥೆಯ ಹಕ್ಕು ಬೇರೆ, ಕರ್ತೃವಿನ ಮರಣಾನಂತರ 60 ವರ್ಷ. ಸಂಗೀತಗಾರರು ತೀರಿಕೊಂಡ ವರ್ಷ ಹುಡುಕಿ. ಸಬ್‌ಟೈಟಲ್ ಕೂಡ ಹೊಸ ಕೃತಿ. ಸಾಧ್ಯವಾದರೆ ನೀವೇ ಕನ್ನಡದಲ್ಲಿ ಬರೆಯಿರಿ.

ಯೂಟ್ಯೂಬಿಗೆ ಹಾಕುವ ಯೋಚನೆ ಬೇಡ. ಅದು ಅಮೆರಿಕದಲ್ಲೂ ಕಾಣುತ್ತದೆ, ಅಲ್ಲಿ ಇಂಥ ಚಿತ್ರಗಳ ಹಕ್ಕು ಪ್ರಕಟಣೆಯಿಂದ 95 ವರ್ಷ. ಅಲ್ಲಿ 28ನೇ ವರ್ಷಕ್ಕೆ ಹಕ್ಕು ನವೀಕರಿಸದ ಹಳೆಯ ಅಮೆರಿಕನ್ ಚಿತ್ರಗಳು ಮುಕ್ತವಾಗಿವೆ ನಿಜ, ಆದರೆ ಹಾಗೆ ಬಿದ್ದುಹೋಗಿದ್ದ ಅನೇಕ ವಿದೇಶಿ ಚಿತ್ರಗಳ ಹಕ್ಕು 1996ರಲ್ಲಿ ಮರಳಿತು.

ಮಲ್ನಾಡ್ ರೀಲು: ಇನ್ನೊಂದು, ಹಕ್ಕು ಮುಗಿದರೂ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರದ ಪ್ರಶ್ನೆ ಬೇರೆಯೇ. ಸಭಾಂಗಣ ಕಾಯ್ದಿರಿಸುವ ಮೊದಲೇ ಅದನ್ನು ವಿಚಾರಿಸಿ.