ಎಲ್‌ಎಂ2596 ಬೋರ್ಡ್ ವಿಪರೀತ ಬಿಸಿಯಾಗುತ್ತಿದೆ: ಚಿಪ್ ನಕಲಿಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ

ನಮಸ್ಕಾರ. ಶಿರಸಿ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವಾಂಶವನ್ನು ದಾಖಲಿಸಲು ಎರಡು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಇಟ್ಟಿದ್ದೇನೆ. 12 ವೋಲ್ಟ್ ಬ್ಯಾಟರಿಯಿಂದ ಅವುಗಳಿಗೆ 5 ವೋಲ್ಟ್ ಕೊಡುವುದು ಎಲ್‌ಎಂ2596 ಚಿಪ್ ಇರುವ ಸಿದ್ಧ ಬಕ್ ಕನ್ವರ್ಟರ್ ಬೋರ್ಡು. ಮೊದಲು ಕೊಂಡ ಬೋರ್ಡು ಎರಡು ಮಳೆಗಾಲ ಕಳೆದರೂ ಚೆನ್ನಾಗಿದೆ. ಈಚೆಗೆ ಬೇರೊಬ್ಬ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ತರಿಸಿದ ಬೋರ್ಡು ಮಾತ್ರ 1.5 ಆಂಪಿಯರ್ ಲೋಡಿಗೇ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಚಿಪ್ಪಿಗಿಂತ ಪಕ್ಕದ ಇಂಡಕ್ಟರೇ (ತಂತಿ ಸುತ್ತಿದ ಸುರುಳಿ) ಹೆಚ್ಚು ಸುಡುತ್ತದೆ, ಪೈ ದಿನಕ್ಕೆ ಮೂರು ನಾಲ್ಕು ಸಲ ತಾನಾಗಿ ಮರುಚಾಲೂ ಆಗುತ್ತದೆ. ಎರಡೂ ಬೋರ್ಡುಗಳ ಇಂಡಕ್ಟರ್ ಮೇಲೆ 330 (ಅಂದರೆ 33 ಮೈಕ್ರೋಹೆನ್ರಿ) ಎಂದೇ ಇದೆ. ಹೊಸ ಚಿಪ್ಪಿನ ಅಕ್ಷರಗಳು ಮಾತ್ರ ಸ್ವಲ್ಪ ಮಸುಕಾಗಿವೆ. ಇಷ್ಟರಿಂದಲೇ ನಕಲಿ ಎನ್ನಬಹುದೇ? ನನ್ನ ಬಳಿ ಆಸಿಲೋಸ್ಕೋಪ್ (ವಿದ್ಯುತ್ ಅಲೆಗಳನ್ನು ತೋರಿಸುವ ಉಪಕರಣ) ಇಲ್ಲ. ಮಲ್ಟಿಮೀಟರ್ ಮತ್ತು ಒಂದು ಆರ್ಡುಯಿನೋ ಊನೋ (ಪ್ರೋಗ್ರಾಂ ಮಾಡಬಹುದಾದ ಪುಟ್ಟ ಬೋರ್ಡು) ಇವೆ.

ಮೊದಲ ಉತ್ತರ

ಅಕ್ಷರಗಳ ಮಸುಕನ್ನು ನಂಬಬೇಡಿ. ಅಸಲಿ ಚಿಪ್ಪುಗಳಲ್ಲೂ ಮುದ್ರೆ ತಯಾರಿಕೆಯ ಕಂತಿನಿಂದ ಕಂತಿಗೆ ಬದಲಾಗುತ್ತದೆ. ಚಿಪ್ ಬಿಸಿಯಾಗುವುದೂ ಸಾಕ್ಷಿಯಲ್ಲ, ಏಕೆಂದರೆ ಇದರೊಳಗಿನ ಸ್ವಿಚ್ ಹಳೆಯ ಬೈಪೋಲಾರ್ ಬಗೆಯದು. ಅದರಲ್ಲೇ ಸುಮಾರು ಒಂದು ವೋಲ್ಟ್ ನಷ್ಟವಾಗುತ್ತದೆ. ಆದರೆ ಇಂಡಕ್ಟರೇ ಹೆಚ್ಚು ಸುಡುತ್ತದೆ ಎಂದಿರಲ್ಲ, ಅದು ನಿಜವಾದ ಸುಳಿವು.

ಅಸಲಿ ಎಲ್‌ಎಂ2596 ಕೆಲಸ ಮಾಡುವುದು 150 ಕಿಲೋಹರ್ಟ್ಸ್ ಆವರ್ತನದಲ್ಲಿ, ಅಂದರೆ ಒಳಗಿನ ಸ್ವಿಚ್ ಸೆಕೆಂಡಿಗೆ ಒಂದೂವರೆ ಲಕ್ಷ ಸಲ ತೆರೆದು ಮುಚ್ಚುತ್ತದೆ. ಅದಕ್ಕಿಂತ ಹಳೆಯದಾದ ಎಲ್‌ಎಂ2576 ಕಾಲುಗಳ ಜೋಡಣೆಯಲ್ಲಿ ಇದರಂತೆಯೇ ಇದ್ದರೂ ಅದರ ಆವರ್ತನ 52 ಕಿಲೋಹರ್ಟ್ಸ್ ಮಾತ್ರ. ಅಗ್ಗದ ಬೋರ್ಡುಗಳಲ್ಲಿ 2596 ಎಂಬ ಹೆಸರು ಹೊತ್ತು ಸುಮಾರು 50 ಕಿಲೋಹರ್ಟ್ಸ್‌ನಲ್ಲಿ ಓಡುವ ಚಿಪ್ಪುಗಳು ಧಾರಾಳವಾಗಿ ಸಿಗುತ್ತವೆ. ನಿಮ್ಮ 33 ಮೈಕ್ರೋಹೆನ್ರಿ ಇಂಡಕ್ಟರನ್ನು ಆರಿಸಿರುವುದು 150ಕ್ಕೆ. 12ರಿಂದ 5 ವೋಲ್ಟಿಗೆ ಇಳಿಸುವಾಗ ಅದರೊಳಗಿನ ಕರೆಂಟಿನ ಏರಿಳಿತ 150 ಕಿಲೋಹರ್ಟ್ಸ್‌ನಲ್ಲಿ ಸುಮಾರು 0.6 ಆಂಪಿಯರ್ ಇದ್ದರೆ, 52ರಲ್ಲಿ 1.7 ಆಂಪಿಯರ್ ಆಗುತ್ತದೆ. ಆಗ 1.5 ಆಂಪಿಯರ್ ಲೋಡಿಗೂ ಇಂಡಕ್ಟರಿನ ಗರಿಷ್ಠ ಕರೆಂಟು 2.3 ಆಂಪಿಯರ್ ದಾಟುತ್ತದೆ, ಔಟ್‌ಪುಟ್ ಕೆಪಾಸಿಟರಿನ ಮೇಲಿನ ಏರಿಳಿತವೂ ಮೂರು ಪಟ್ಟಾಗುತ್ತದೆ. ಇಂಡಕ್ಟರ್ ಸುಡುವುದಕ್ಕೂ ಪೈ ಮರುಚಾಲೂ ಆಗುವುದಕ್ಕೂ ಇದು ಸಾಕಾದ ಕಾರಣ. ಆದ್ದರಿಂದ ಚಿಪ್ಪಿನ ಎರಡನೆಯ ಕಾಲಿನಲ್ಲಿ (ಸ್ವಿಚ್ಚಿನ ಔಟ್‌ಪುಟ್) ಆವರ್ತನವನ್ನು ಅಳೆಯಿರಿ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅಳೆಯುವ ಬಗೆಯಲ್ಲಿ ಮಾತ್ರ ಎರಡು ಎಚ್ಚರಿಕೆಗಳನ್ನು ಸೇರಿಸಬೇಕು. ಅಸಲಿ ಚಿಪ್ಪೂ ಓವರ್‌ಲೋಡ್ ಆಗಿ ಔಟ್‌ಪುಟ್ ಕುಸಿದಾಗ ತನ್ನನ್ನು ಕಾಪಾಡಿಕೊಳ್ಳಲು ಆವರ್ತನವನ್ನು ತಾನೇ ತಗ್ಗಿಸುತ್ತದೆ. ಹಾಗಾಗಿ ಔಟ್‌ಪುಟ್ 5 ವೋಲ್ಟಿನಲ್ಲಿ ಸ್ಥಿರವಾಗಿ ನಿಂತಿರುವಾಗಲೇ ಅಳೆಯಿರಿ, ಇಲ್ಲವಾದರೆ ಒಳ್ಳೆಯ ಚಿಪ್ಪಿನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಇನ್ನೊಂದೆಡೆ ಲೋಡ್ ತೀರ ಕಡಿಮೆಯಾದರೆ ಇಂಡಕ್ಟರಿನ ಕರೆಂಟು ಪ್ರತಿ ಸುತ್ತಿನಲ್ಲೂ ಸೊನ್ನೆಗೆ ಇಳಿದು, ನಡುವೆ ಬೇರೆಯೇ ಕಂಪನಗಳು ಹುಟ್ಟಿ ಎಣಿಕೆಯನ್ನು ಕೆಡಿಸಬಹುದು. 10 ಓಮ್, 5 ವ್ಯಾಟಿನ ಎರಡು ರೆಸಿಸ್ಟರುಗಳನ್ನು ಪ್ಯಾರಲಲ್ ಆಗಿ ಜೋಡಿಸಿದರೆ ಸರಿಯಾಗಿ 1 ಆಂಪಿಯರ್ ಲೋಡ್ ಸಿಗುತ್ತದೆ.

ಆಸಿಲೋಸ್ಕೋಪ್ ಬೇಕಿಲ್ಲ. ಚಿಪ್ಪಿನ ಎರಡನೆಯ ಕಾಲಿನಿಂದ 10 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 4.7 ಕಿಲೋಓಮ್ ಹಾಕಿ, ಅವೆರಡು ಸೇರುವ ಜಾಗದಿಂದ ಊನೋದ 5ನೇ ಪಿನ್ನಿಗೆ ತಂತಿ ಕೊಡಿ. ಎರಡರ ಗ್ರೌಂಡನ್ನೂ ಸೇರಿಸಲು ಮರೆಯಬೇಡಿ. ಊನೋದೊಳಗಿನ ಟೈಮರ್ 1 ಎಂಬ ಎಣಿಕೆಯ ಭಾಗ ಹೊರಗಿನ ಪಲ್ಸುಗಳನ್ನು ಎಣಿಸುವುದು ಆ ಪಿನ್ನಿನಲ್ಲೇ. ಒಂದು ಸೆಕೆಂಡಿನ ಎಣಿಕೆಯೇ ಆವರ್ತನ. ಈ ರೆಸಿಸ್ಟರ್ ಬೆಲೆಗಳು 12 ವೋಲ್ಟಿಗೆ ಮಾತ್ರ ಸರಿ. ನೇರವಾಗಿ ಸೋಲಾರ್ ಪ್ಯಾನಲ್ಲಿಗೆ ಜೋಡಿಸಿ ಅಳೆಯಲು ಹೋದರೆ ಊನೋ ಸುಟ್ಟೀತು. ಹಳೆಯ ಬೋರ್ಡನ್ನೂ ಇದೇ ರೀತಿ ಅಳೆಯಿರಿ. ಅದು ಸರಿಯಾದ ಸಂಖ್ಯೆ ತೋರಿಸಿದರೆ ನಿಮ್ಮ ಅಳತೆಯೂ ಸರಿಯಾಗಿದೆ ಎಂಬ ಭರವಸೆ ಬರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ನೀವು ಹೇಳಿದಂತೆಯೇ 1 ಆಂಪಿಯರ್ ಲೋಡಿನಲ್ಲಿ ಅಳೆದೆ. ಹಳೆಯ ಬೋರ್ಡು 148 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ನಿಂತಿತು. ಹೊಸದು 51. ಔಟ್‌ಪುಟ್ ಎರಡರಲ್ಲೂ 5 ವೋಲ್ಟ್ ಇತ್ತು. ಹಣ ವಾಪಸ್ ಕೇಳಿದ್ದೇನೆ. ಆದರೆ ಹೊಸ ಬೋರ್ಡನ್ನು ಬಿಸಾಡಲು ಮನಸ್ಸಿಲ್ಲ. ಅದನ್ನು ಯಾವುದಕ್ಕಾದರೂ ಬಳಸಬಹುದೇ?

ಮೊದಲ ಉತ್ತರ ಕೊಟ್ಟವರು

ಬಳಸಬಹುದು. ಅದನ್ನು 52 ಕಿಲೋಹರ್ಟ್ಸ್ ಚಿಪ್ಪು ಎಂದೇ ತಿಳಿದು, ಎಲ್‌ಎಂ2576ಕ್ಕೆ ಸೂಚಿಸಿರುವಂತೆ 100 ಮೈಕ್ರೋಹೆನ್ರಿಯ, 3 ಆಂಪಿಯರ್ ತಡೆಯುವ ಇಂಡಕ್ಟರನ್ನೂ ಕಡಿಮೆ ಇಎಸ್‌ಆರ್ (ಒಳಗಿನ ರೋಧ) ಇರುವ 1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಬೆಸುಗೆ ಹಾಕಿ. ಇಂಡಕ್ಟರ್ ದೊಡ್ಡದಾಗಿರುವುದರಿಂದ ತಂತಿಯಲ್ಲಿ ಹೊರಗೆ ಕೂರಿಸಬೇಕಾದೀತು, ತಂತಿ ಆದಷ್ಟು ಗಿಡ್ಡವಿರಲಿ. ಆಮೇಲೂ 1 ಆಂಪಿಯರ್ ಮೀರಿಸಬೇಡಿ. ಅಸಲಿ ಚಿಪ್ಪಿಗೆ ಹೇಳಿರುವ 40 ವೋಲ್ಟ್ ಮಿತಿಯನ್ನು ಈ ಚಿಪ್ಪು ತಡೆಯುತ್ತದೆಂದು ನಂಬಿ 24 ವೋಲ್ಟಿಗೂ ಜೋಡಿಸಬೇಡಿ. ಸ್ವಿಚ್ ಶಾರ್ಟ್ ಆದರೆ ಬ್ಯಾಟರಿಯ ಪೂರ್ತಿ ವೋಲ್ಟೇಜು ಔಟ್‌ಪುಟ್ಟಿಗೆ ನುಗ್ಗುತ್ತದೆ. ಆದ್ದರಿಂದ ಪೈಗಂತೂ ಇದು ಬೇಡ. ತೋಟದ ಮನೆಯಲ್ಲಿ ಒಂದು ಎಲ್‌ಇಡಿ ದೀಪಕ್ಕೆ ಇಟ್ಟುಕೊಳ್ಳಿ, ಮುಂದೆ ಒಂದು ಫ್ಯೂಸ್ ಇರಲಿ. ಬೋರ್ಡಿನ ಹಿಂದೆ ಮಾರ್ಕರ್ ಪೆನ್ನಿನಲ್ಲಿ 51 ಎಂದು ಬರೆದಿಡಿ, ಇಲ್ಲವಾದರೆ ಮುಂದಿನ ವರ್ಷ ಎರಡೂ ಬೋರ್ಡುಗಳು ಬೆರೆತುಹೋಗುತ್ತವೆ.