ಪದಚರ್ಚೆ: ಬಲಿಪೀಠದ ಹಿಂದಿನ ‘ರಿಯರ್‌ಡಾಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ಗೋವಾದ ಇಗರ್ಜಿಗಳ (ಚರ್ಚುಗಳ) ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕ್ರೈಸ್ತ ಗುರುಗಳು ಪೂಜೆ ಅರ್ಪಿಸುವ ಮೇಜಿನಂಥ ಬಲಿಪೀಠದ ಬೆನ್ನಿಗೆ ಎತ್ತರವಾಗಿ ನಿಲ್ಲುವ ಅಲಂಕೃತ ರಚನೆಯನ್ನು ಇಂಗ್ಲಿಷಿನವರು ‘ರಿಯರ್‌ಡಾಸ್’ ಎನ್ನುತ್ತಾರೆ. ಸ್ನೇಹಿತರೊಬ್ಬರು ‘ಅಲಂಕಾರದ ಪರದೆ’ ಎಂದು ಸೂಚಿಸಿದರು. ಆ ಮಾತು ನನಗೆ ಒಪ್ಪಿಗೆಯಾಗುತ್ತಿಲ್ಲ.

1562ರಲ್ಲಿ ಕಟ್ಟಲು ತೊಡಗಿದ ಸೆ ಕ್ಯಾಥೆಡ್ರಲ್ಲಿನ ಮುಖ್ಯ ಪೀಠವನ್ನೇ ನೋಡಿ. ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳಿಗೆ ಅರ್ಪಿತವಾದ ಆ ಪೀಠದ ಹಿಂದೆ ಚಿನ್ನದ ಲೇಪವಿರುವ ಮರದ ಕೆತ್ತನೆ ಅಂತಸ್ತು ಅಂತಸ್ತಾಗಿ ಮೇಲೇರುತ್ತದೆ. ಆಕೆಯ ಬದುಕು, ಆಕೆಯ ಬಲಿದಾನ ಎಲ್ಲವೂ ಅದರಲ್ಲಿವೆ. ಅಲ್ಲೇ ಎದುರಿನ ಬೊಂ ಜೆಸುಸ್ ಬಸಿಲಿಕಾದಲ್ಲಿ ಸಂತ ಇಗ್ನೇಷಿಯಸ್ ಲೊಯೊಲರ ದೊಡ್ಡ ಪ್ರತಿಮೆಯೂ ಅದರ ಕೆಳಗೆ ಬಾಲಯೇಸುವಿನ ಪುಟ್ಟ ಪ್ರತಿಮೆಯೂ ಇಂಥದೇ ಕೆತ್ತನೆಯ ನಡುವೆ ನಿಂತಿವೆ. ಇವು ಏನನ್ನೂ ಮರೆಮಾಡುವುದಿಲ್ಲ. ಬಾಗಿಲಿನಿಂದ ಒಳಗೆ ಬಂದವರ ಕಣ್ಣು ಮೊದಲು ಹೋಗಬೇಕಾದದ್ದೇ ಅಲ್ಲಿಗೆ. ‘ಪರದೆ’ ಎಂದರೆ ಓದುಗರ ಮನಸ್ಸಿಗೆ ಬಟ್ಟೆ ಬರುತ್ತದೆ, ಅದರ ಹಿಂದೆ ಏನೋ ಇದೆ ಎಂಬ ನಿರೀಕ್ಷೆಯೂ ಬರುತ್ತದೆ. ಎರಡೂ ಇಲ್ಲಿಲ್ಲ.

ನಿಜವಾಗಿ ಮರೆಮಾಡುವ ರಚನೆ ಬೇರೆಯೇ ಇದೆ. ರಷ್ಯಾ, ಗ್ರೀಸ್ ಮುಂತಾದೆಡೆಯ ಆರ್ಥಡಾಕ್ಸ್ ಚರ್ಚುಗಳ ‘ಐಕಾನೊಸ್ಟಾಸಿಸ್’ ಪೀಠದ ಹಿಂದಲ್ಲ, ಮುಂದೆ ಇರುತ್ತದೆ. ಸಂತರ ಚಿತ್ರಗಳ ಸಾಲುಗಳನ್ನು ಹೊತ್ತ ಆ ಗೋಡೆ ಪೀಠದ ಭಾಗವನ್ನೂ ಜನ ನಿಲ್ಲುವ ಭಾಗವನ್ನೂ ಬೇರೆ ಮಾಡುತ್ತದೆ, ಅದರ ನಡುವಿನ ಬಾಗಿಲು ಆರಾಧನೆಯ ಗೊತ್ತಾದ ಗಳಿಗೆಗಳಲ್ಲಿ ತೆರೆದುಕೊಳ್ಳುತ್ತದೆ. ನೈವೇದ್ಯದ ಹೊತ್ತಿಗೆ ಗರ್ಭಗುಡಿಗೆ ತೆರೆ ಎಳೆಯುವುದನ್ನು ಬಲ್ಲ ನಮಗೆ ‘ತೆರೆ’ ಎಂಬ ಪದ ಸಲ್ಲುವುದಿದ್ದರೆ ಇದಕ್ಕೆ ಸಲ್ಲುತ್ತದೆ. ಎರಡನ್ನೂ ಒಂದೇ ಪದದಿಂದ ಕರೆದರೆ ಓದುಗರಿಗೆ ಪೀಠ ಎಲ್ಲಿದೆ ಎಂಬುದೇ ತಿಳಿಯದೆ ಹೋಗುತ್ತದೆ.

‘ಪ್ರಭಾವಳಿ’ ಎಂಬ ಪದವನ್ನು ಬಹಳ ಹೊತ್ತು ತೂಗಿ ನೋಡಿದೆ. ಹಿಂದೆ ನಿಂತು ಶೋಭೆ ಕೊಡುವುದು ಎಂಬಷ್ಟಕ್ಕೆ ಅದು ಸರಿಹೊಂದುತ್ತದೆ. ಆದರೆ ಪ್ರಭಾವಳಿ ಮೂರ್ತಿಗೆ ಸೇರಿದ್ದು, ಮೂರ್ತಿಯಿಲ್ಲದೆ ಅದಕ್ಕೆ ಅರ್ಥವಿಲ್ಲ. ರಿಯರ್‌ಡಾಸ್ ಸೇರಿರುವುದು ಪೀಠಕ್ಕೆ, ಮೂರ್ತಿಗಳೇ ಅದರ ಗೂಡುಗಳೊಳಗೆ ಕೂರುತ್ತವೆ. ಹಾಗಾಗಿ ಬಿಟ್ಟೆ, ಮನಸ್ಸಿಲ್ಲದ ಮನಸ್ಸಿನಿಂದ.

‘ಫಲಕ’ಕ್ಕೂ ತೊಡಕಿದೆ. ಇಂಗ್ಲೆಂಡಿನ ವಿಂಚೆಸ್ಟರ್ ಕ್ಯಾಥೆಡ್ರಲ್ಲಿನ ರಿಯರ್‌ಡಾಸ್ ಹದಿನೈದನೆಯ ಶತಮಾನದ ಕಲ್ಲಿನ ಕೆಲಸ. ಮತಸುಧಾರಣೆಯ ಕಾಲದಲ್ಲಿ ಅದರ ಪ್ರತಿಮೆಗಳನ್ನು ಒಡೆದುಹಾಕಿದರು, ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸವನ್ನು ಕೂರಿಸಿದರು. ಅಷ್ಟು ದೊಡ್ಡ ಕಲ್ಲಿನ ಕಟ್ಟಡವನ್ನು ಫಲಕ ಎನ್ನಲು ನಾಲಿಗೆ ಏಳುವುದಿಲ್ಲ. ಪೀಠದ ಮೇಲೆಯೇ ಅಥವಾ ಅದರ ಹಿಂದಿನ ಕಟ್ಟೆಯ ಮೇಲೆ ಕೂರುವ ‘ರಿಟೇಬಲ್’ ಎಂಬುದೊಂದಿದೆ. ಫಲಕ ಎಂಬ ಪದವನ್ನು ಅದಕ್ಕೆ ಉಳಿಸಿಕೊಳ್ಳಬಹುದು. ಸ್ಪೇನಿನವರು ಮಾತ್ರ ಎರಡಕ್ಕೂ ‘ರೆತಾಬ್ಲೊ’ ಎಂದೇ ಹೇಳಿಬಿಡುತ್ತಾರೆ. ಸೆವಿಲ್ ಕ್ಯಾಥೆಡ್ರಲ್‌ನಲ್ಲಿ 1482ರಲ್ಲಿ ಆರಂಭವಾದ ಬೃಹತ್ ಕೆತ್ತನೆಗೂ ಅದೇ ಹೆಸರು.

ನನ್ನ ಸೂಚನೆ ‘ಪೀಠಭಿತ್ತಿ’. ಭಿತ್ತಿಚಿತ್ರ, ಭಿತ್ತಿಪತ್ರಗಳಿಂದಾಗಿ ‘ಭಿತ್ತಿ’ ಎಲ್ಲರಿಗೂ ಪರಿಚಿತ, ಮರಕ್ಕೂ ಕಲ್ಲಿಗೂ ಹೊಂದುತ್ತದೆ. ರಿಯರ್‌ಡಾಸ್ ಎಂಬುದರ ಮೂಲದಲ್ಲಿ ‘ಹಿಂದೆ’, ‘ಬೆನ್ನು’ ಎಂಬ ಅರ್ಥದ ಫ್ರೆಂಚ್ ಮಾತುಗಳಿರುವುದರಿಂದ ‘ಬೆನ್ನುಭಿತ್ತಿ’ ಎಂದೂ ಯೋಚಿಸಿದ್ದೆ, ಆದರೆ ಪೀಠದ ಹೆಸರು ಬಿಟ್ಟುಹೋಗುತ್ತದೆ. ಕ್ಯಾಥೊಲಿಕ್ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಗುರುಗಳು ಜನರತ್ತ ಮುಖಮಾಡಿ ಪೂಜೆ ಅರ್ಪಿಸಲೆಂದು ಅನೇಕ ಹಳೆಯ ಇಗರ್ಜಿಗಳಲ್ಲಿ ಮುಂದೆ ಇನ್ನೊಂದು ಪೀಠ ಬಂದಿದೆ. ಅಂಥ ಕಡೆ ‘ಹಳೆಯ ಪೀಠದ ಭಿತ್ತಿ’ ಎಂದು ಬಿಡಿಸಿ ಹೇಳಬೇಕಾದೀತು.

ಇಷ್ಟಾದರೂ, ಬಳಕೆಯಲ್ಲಿರುವ ಪದವೊಂದು ಸಿಕ್ಕರೆ ಹೊಸದನ್ನು ಹೊಸೆಯುವ ಆಸೆ ನನಗಿಲ್ಲ. ಬೆಂಗಳೂರು, ಮೈಸೂರು ಕಡೆಯ ಕನ್ನಡ ಕ್ರೈಸ್ತರು ಇದನ್ನು ಏನೆನ್ನುತ್ತಾರೆ? ಮಂಗಳೂರಿನ ಕೊಂಕಣಿಯಲ್ಲಿ ಪೀಠಕ್ಕೆ ‘ಆಲ್ತಾರ್’ ಎನ್ನುತ್ತಾರೆ. ಅದರ ಹಿಂದಿನ ಕೆತ್ತನೆಗೆ ಪ್ರತ್ಯೇಕ ಹೆಸರಿದೆಯೇ? ಇಗರ್ಜಿಗಳಿಗೆ ಮರಗೆಲಸ, ಬಣ್ಣಗೆಲಸ ಮಾಡಿಕೊಟ್ಟ ಕುಶಲಿಗಳನ್ನು ಬಲ್ಲವರಿದ್ದರೆ ದಯವಿಟ್ಟು ಅವರನ್ನು ಕೇಳಿ, ಅವರು ಆಡಿದ ಮಾತನ್ನು ಇದ್ದ ಹಾಗೆಯೇ ಊರಿನ ಹೆಸರಿನೊಂದಿಗೆ ಬರೆದು ತಿಳಿಸಿ.