ಅಪಾಯಕಾರಿ ರಾಸಾಯನಿಕಗಳ ಕಾವಲು: ಬಹಿರಂಗವಾಗಿ ಚರ್ಚಿಸಬಹುದೇ?

ಪ್ರಶ್ನೆ (ಗೊಬ್ಬರದ ಅಂಗಡಿಯ ಮಾಲೀಕರು, ಮಂಡ್ಯ):
ನಮಸ್ಕಾರ ಮೇಡಂ. ಗೊಬ್ಬರವಾಗಿಯೂ ಸ್ಫೋಟಕದ ಕಚ್ಚಾವಸ್ತುವಾಗಿಯೂ ಬಳಕೆಯಾಗುವ ಅಮೋನಿಯಂ ನೈಟ್ರೇಟ್‌ನಂಥ ವಸ್ತುಗಳು ಭಯೋತ್ಪಾದಕರ ಕೈಸೇರದಂತೆ ತಡೆಯುವುದು ಹೇಗೆಂದು ವ್ಯಾಪಾರಿಗಳ ಸಭೆಯಲ್ಲಿ ಕೇಳಿದೆ. ಇಂಥದ್ದನ್ನು ಹತ್ತು ಜನರ ಮುಂದೆ ಆಡಿದರೆ ಕೇಡಿಗರಿಗೇ ದಾರಿ ತೋರಿಸಿದಂತಾಗುತ್ತದೆ ಎಂದು ಹಿರಿಯರೊಬ್ಬರು ತಡೆದರು. ಅವರ ಮಾತು ಸರಿಯೇ? ನಾವು ಮಾರುವ ಗೊಬ್ಬರಕ್ಕೂ ಅಮೋನಿಯಂ ನೈಟ್ರೇಟ್ ಕುರಿತ ಕಾನೂನು ಅನ್ವಯಿಸುತ್ತದೆಯೇ?

ಉತ್ತರ (ಕಾರ್ಖಾನೆಯ ಸುರಕ್ಷತಾ ಅಧಿಕಾರಿ, ನಂಜನಗೂಡು):
ಹಿರಿಯರ ಆತಂಕ ಒಂದು ಮಟ್ಟಿಗೆ ಸರಿಯಾದುದೇ. ಯಾವುದಕ್ಕೆ ಯಾವುದನ್ನು ಬೆರೆಸಿದರೆ ಏನಾಗುತ್ತದೆ, ಯಾವ ಗೋದಾಮಿಗೆ ಕಾವಲಿಲ್ಲ ಎಂಬುದು ಸಭೆಯಲ್ಲಿ ಆಡುವ ಮಾತಲ್ಲ; ಹಾಗೆ ಕೇಳಿದರೆ ನಾನೂ ಉತ್ತರಿಸುವುದಿಲ್ಲ. ಆದರೆ ಪರವಾನಗಿ ಯಾರಿಗೆ ಬೇಕು, ದಾಸ್ತಾನಿನ ಲೆಕ್ಕವನ್ನು ಯಾರು ಪರಿಶೀಲಿಸಬೇಕು, ಮೂಟೆ ಕಾಣೆಯಾದರೆ ಯಾರಿಗೆ ತಿಳಿಸಬೇಕು ಎಂಬ ವಿಷಯಗಳನ್ನು ಮುಚ್ಚಿಟ್ಟರೆ ನಷ್ಟ ನಮಗೇ. 1995ರಲ್ಲಿ ಅಮೆರಿಕದ ಓಕ್ಲಹೋಮಾ ನಗರದಲ್ಲಿ ಬಾಂಬ್ ಸಿಡಿಸಿ 168 ಜನರನ್ನು ಕೊಂದವರು ಅದಕ್ಕೆ ಬಳಸಿದ ಅಮೋನಿಯಂ ನೈಟ್ರೇಟ್ ಗೊಬ್ಬರವನ್ನು ಕದ್ದಿರಲಿಲ್ಲ. ರೈತರ ಸಹಕಾರ ಸಂಘವೊಂದರಿಂದ ರಾಜಾರೋಷವಾಗಿ ಕೊಂಡಿದ್ದರು. ಮಾರುವವರಿಗೆ ಆಗ ಎಚ್ಚರವಿರಬೇಕಾದ ಕಾರಣವೇ ತಿಳಿದಿರಲಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ಲೆಬನಾನ್ ದೇಶದ ಬೈರೂತ್ ಬಂದರಿನಲ್ಲಿ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿದ್ದಿದ್ದ ಸಂಗತಿ ಕಡತಗಳಲ್ಲಿ ಓಡಾಡುತ್ತಿತ್ತೇ ಹೊರತು ಊರಿನ ಜನರ ಕಿವಿಗೆ ಬಿದ್ದಿರಲಿಲ್ಲ. 2020ರ ಆಗಸ್ಟ್ 4ರಂದು ಅದು ಸಿಡಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದು ನಿರ್ಲಕ್ಷ್ಯದಿಂದಾದ ದುರಂತ, ನಿಜ. ಆದರೆ ಯಾರೂ ಲೆಕ್ಕ ಕೇಳದ ದಾಸ್ತಾನಿನಿಂದ ಕದಿಯುವುದೂ ಅಷ್ಟೇ ಸುಲಭ.

ಇನ್ನು ಕಾನೂನು. ನಮ್ಮ 2012ರ ಅಮೋನಿಯಂ ನೈಟ್ರೇಟ್ ನಿಯಮಗಳ ಪ್ರಕಾರ, ತೂಕದಲ್ಲಿ ಶೇ. 45ಕ್ಕಿಂತ ಹೆಚ್ಚು ಆ ವಸ್ತುವಿರುವ ಮಿಶ್ರಣವನ್ನು ಪರವಾನಗಿಯಿಲ್ಲದೆ ಇಡುವಂತಿಲ್ಲ, ಮಾರುವಂತಿಲ್ಲ. ಅಮೋನಿಯಂ ನೈಟ್ರೇಟನ್ನು ಬೇರ್ಪಡಿಸಿ ತೆಗೆಯಲಾಗದ ಗೊಬ್ಬರಗಳಿಗೆ ವಿನಾಯಿತಿ ಇದೆ. ಯೂರಿಯಾ, ಡಿಎಪಿ ಈ ನಿಯಮಗಳಡಿ ಬರುವುದಿಲ್ಲ.

ಮರುಪ್ರಶ್ನೆ:
ಗುರುತಿಲ್ಲದವರು ಬಂದರೆ ಪೊಲೀಸರಿಗೆ ಹೇಳಬೇಕೇ ಮೇಡಂ? ಬಡ ರೈತನನ್ನು ಅನುಮಾನಿಸಿದಂತಾಗುವುದಿಲ್ಲವೇ?

ಉತ್ತರ:
ಒಳ್ಳೆಯ ಪ್ರಶ್ನೆ. ಮುಖ, ಭಾಷೆ, ಊರು, ಧರ್ಮ ನೋಡಿ ಅನುಮಾನಿಸುವುದು ಅನ್ಯಾಯ. ಅದರಿಂದ ನಿಜವಾದ ಅಪಾಯವೂ ಕಣ್ತಪ್ಪುತ್ತದೆ. ವ್ಯವಹಾರವನ್ನು ಮಾತ್ರ ಗಮನಿಸಿ: ಯಾವ ಬೆಳೆಗೆಂದು ಹೇಳಲಾಗದೆ ವಿಪರೀತ ಪ್ರಮಾಣ ಕೇಳುವವರು, ಬಿಲ್ಲೇ ಬೇಡವೆನ್ನುವವರು, ಗುರುತಿನ ಚೀಟಿ ಕೇಳಿದೊಡನೆ ಹೊರಟುಬಿಡುವವರು. ಅಂಥವರಿಗೆ ಮಾರಾಟ ನಿರಾಕರಿಸಿ, ವಾಗ್ವಾದಕ್ಕಿಳಿಯದೆ 112ಕ್ಕೆ ಕರೆ ಮಾಡಿ. ಯುರೋಪಿನ ಒಕ್ಕೂಟದಲ್ಲಿ ಸಂಶಯಾಸ್ಪದ ವ್ಯವಹಾರವನ್ನು 24 ಗಂಟೆಯೊಳಗೆ ವರದಿ ಮಾಡುವುದು ವ್ಯಾಪಾರಿಯ ಕಾನೂನುಬದ್ಧ ಹೊಣೆ. ನಮ್ಮಲ್ಲಿಯೂ ಅಷ್ಟೇ ತ್ವರೆ ಇರಲಿ. ಮುಂದಿನ ಸಭೆಯಲ್ಲಿ ಈ ಲಕ್ಷಣಗಳನ್ನು ನಿಮ್ಮ ಅಂಗಡಿಗಳ ಕೆಲಸದ ಹುಡುಗರಿಗೂ ಓದಿ ಹೇಳಿ, ಏಕೆಂದರೆ ಗಿರಾಕಿಯನ್ನು ಮೊದಲು ಮಾತನಾಡಿಸುವವರು ಅವರೇ.